ನೀರು ಇಳಿದು ಎಂಟು ತಿಂಗಳಾಯಿತು, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ

ಕೊಲ್ಲಿ ದಂಡೆಯವಳು:

ಜೂನ್ 1ಕ್ಕೆ ಮತ್ತೆ ಹರಿಕೇನ್ ಸೀಸನ್, ಅಂದರೆ ಚಂಡಮಾರುತದ ಕಾಲ, ಶುರು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಈ ಹಿಂದೆ ಎರಡು ಮೂರು ಸಲ ಬರೆದು ಅಳಿಸಿದ್ದೆ.

ನಾವಿರುವುದು ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಟ್ಯಾಂಪಾ ಕೊಲ್ಲಿಯ ಪಕ್ಕ. ಎ ಜೋನ್. ಮನೆ ಬಿಟ್ಟು ಹೊರಡಿ ಅಂತ ಎಲ್ಲರಿಗಿಂತ ಮೊದಲು ಹೇಳುವುದು ನಮಗೇ. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಬಂತು. ಬಂತು ಅನ್ನುವುದೂ ತಪ್ಪು. ಅದು ನಮ್ಮಿಂದ ನೂರು ಮೈಲಿಗಿಂತ ದೂರ ಸಮುದ್ರದಲ್ಲೇ ಹಾದುಹೋಗಿ, ಉತ್ತರದಲ್ಲಿ ಪೆರಿ ಎಂಬ ಊರಿನ ಹತ್ತಿರ ದಡ ಹತ್ತಿತು. ಆದರೂ ಕೊಲ್ಲಿಯ ನೀರು 6 ಅಡಿಗಿಂತ ಜಾಸ್ತಿ ಮೇಲೆದ್ದು ಬೀದಿಗೆ ನುಗ್ಗಿತು. ನಾವು ಹಿಂದಿನ ದಿನವೇ ಒರ್ಲ್ಯಾಂಡೋದಲ್ಲಿ ಹೋಟೆಲ್ ಹಿಡಿದಿದ್ದೆವು. ಎರಡು ದಿನದ ಬಟ್ಟೆ, ಪಾಸ್‌ಪೋರ್ಟ್, ಮಗನ ಒಂದು ಗೊಂಬೆ. ಅಷ್ಟೇ ತೆಗೆದುಕೊಂಡಿದ್ದು. ವಾಪಸ್ ಬಂದಾಗ ಒಳಗೆ ಗೋಡೆಯ ಸುತ್ತ ಕಂದು ಗೆರೆ. ಮಗನಿಗೆ ಆಗ ಆರು ವರ್ಷ. ಗೋಡೆಗೆ ಒರಗಿ ನಿಂತು ನೋಡಿಕೊಂಡು, "ಅಮ್ಮ, ನನ್ನ ಎದೆವರೆಗೂ ಬಂದಿತ್ತು" ಅಂದ.

ಹಾಸಿಗೆ, ಸೋಫಾ, ಕಿತ್ತ ಡ್ರೈವಾಲ್ (ಒಳಗೋಡೆಯ ಹಲಗೆ) ಎಲ್ಲ ರಸ್ತೆ ಬದಿಗೆ ಹಾಕಿದೆವು. ಅದನ್ನು ಎತ್ತುವ ಲಾರಿ ಬರುವ ಮೊದಲೇ ಮಿಲ್ಟನ್ ಅಂತ ಇನ್ನೊಂದು ಚಂಡಮಾರುತ ಬರುತ್ತಿದೆ ಅಂದರು. ನಡುವೆ 13 ದಿನ. ಮಯಾಮಿಯ ಟಿವಿಯಲ್ಲಿ ಹವಾಮಾನ ಹೇಳುವ ಜಾನ್ ಮೊರಾಲಿಸ್, 10 ಗಂಟೆಯೊಳಗೆ ಅದರ ಒತ್ತಡ 50 ಮಿಲಿಬಾರ್ ಇಳಿದಿದೆ (ಒತ್ತಡ ಇಳಿದಷ್ಟೂ ಚಂಡಮಾರುತಕ್ಕೆ ಬಲ) ಅನ್ನುತ್ತಾ ಗಂಟಲು ಕಟ್ಟಿ ನಿಂತರಲ್ಲ, ಆ ವಿಡಿಯೋ ನೋಡಿದ ಮೇಲೆ ನನ್ನ ಕೈ ನಡುಗುವುದು ನಿಲ್ಲಲಿಲ್ಲ. ಈ ಸಲ ಜಾರ್ಜಿಯಾವರೆಗೆ ಓಡಿದೆವು. ಟ್ಯಾಂಪಾ ಕೊಲ್ಲಿಗೆ 10ರಿಂದ 15 ಅಡಿ ನೀರು ಬರಬಹುದು ಅಂದಿದ್ದರು. ಕಡೆಗೆ ಮಿಲ್ಟನ್ ದಕ್ಷಿಣಕ್ಕೆ ಸರಿದು ಸಿಯೆಸ್ಟಾ ಕೀ ಹತ್ತಿರ ದಡ ಸೇರಿತು. ನಮ್ಮ ಕೊಲ್ಲಿಯ ನೀರು ಉಕ್ಕುವ ಬದಲು ಹಿಂದಕ್ಕೆ ಹೋಯಿತು! ಸಮಾಧಾನ ಆಗಬೇಕಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ.

ಈಗ ಬಾಡಿಗೆ ಮನೆಯಲ್ಲಿದ್ದೇವೆ. ರಿಪೇರಿ ಖರ್ಚು ಕಟ್ಟಡದ ಬೆಲೆಯ ಅರ್ಧ ಮುಟ್ಟಿದರೆ ಹಳೇ ಮನೆಯನ್ನು ಹಾಗೇ ಸರಿಮಾಡುವಂತಿಲ್ಲ, ಎತ್ತರಿಸಬೇಕು ಇಲ್ಲವೇ ಕೆಡವಬೇಕು. ಆ ಲೆಕ್ಕ ಮುಗಿಯುವಷ್ಟರಲ್ಲಿ ತಿಂಗಳುಗಳೇ ಹೋದವು. ನಮ್ಮನೆಯವರು ದಿನವೂ ಎಕ್ಸೆಲ್ ಶೀಟ್ ತೆರೆದು ಕೂರುತ್ತಾರೆ. ಮಾತೇ ಇಲ್ಲ. ನನಗೆ ಅಳು ಬರುವುದಿಲ್ಲ, ರೇಗುವುದು ಮಾತ್ರ ಬರುತ್ತದೆ. ಮೊನ್ನೆ ಸಾರಿನ ಸೌಟು ಹುಡುಕುತ್ತಿದ್ದೆ. ಅದು ನೀರಲ್ಲಿ ಹೋಗಿದೆ ಅಂತ ನೆನಪಾದ ತಕ್ಷಣ ಅಡುಗೆಮನೆಯಲ್ಲಿ ಕಿರುಚಿಬಿಟ್ಟೆ. ಒಂದು ಸೌಟಿಗೆ!

ಮಗ ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ: "ಇಲ್ಲಿಗೆ ನೀರು ಬರುತ್ತಾ?" ಮೆಟ್ಟಿಲು ಕಂಡರೆ ಎಣಿಸುತ್ತಾನೆ. ಮಳೆ ಬಂದ ರಾತ್ರಿ ಶೂ ಹಾಕಿಕೊಂಡೇ ಮಲಗುತ್ತಾನೆ.

ಫೋನ್ ಮಾಡಿದವರೆಲ್ಲ "ಜೀವ ಉಳೀತಲ್ಲ, ಅಷ್ಟೇ ಸಾಕು" ಅನ್ನುತ್ತಾರೆ. ನಿಜವೇ. ಆದರೆ ಹಾಗಂದ ಮೇಲೆ ನಾನು ಬೇರೇನೂ ಹೇಳೋ ಹಾಗೇ ಇಲ್ಲ. ಇದೆಲ್ಲ ಯಾವಾಗ ಹೋಗುತ್ತದೆ? ಅನುಭವ ಇದ್ದವರು ಹೇಳಿ.

ಹ್ಯೂಸ್ಟನ್ ಹಳಬ:

ತಂಗಿ, ನಿನ್ನ ಆ ಸಿಟ್ಟು ನನಗೆ ಚೆನ್ನಾಗಿ ಗೊತ್ತು.

2005ರ ಸೆಪ್ಟೆಂಬರ್. ಕತ್ರೀನಾ ಆಗಿ ಮೂರೇ ವಾರ. ನ್ಯೂ ಆರ್ಲಿಯನ್ಸ್‌ನಲ್ಲಿ ಜನ ಛಾವಣಿ ಮೇಲೆ ನಿಂತ ಚಿತ್ರಗಳು ಟಿವಿಯಲ್ಲಿ ಇನ್ನೂ ಬರುತ್ತಿದ್ದವು. ಅಷ್ಟರಲ್ಲಿ ರೀಟಾ ನಮ್ಮ ಕಡೆ ತಿರುಗಿತು ಅಂದರು. ಹೋಗಬೇಕಾದವರೂ ಹೊರಟರು, ಹೋಗಬೇಕಿಲ್ಲದವರೂ ಹೊರಟರು. ನಾನು ಎರಡನೇ ಗುಂಪಿನವನು. ಕಾರಿನಲ್ಲಿ 19 ಗಂಟೆ ಕೂತೆವು. ಹೊರಗೆ ನೂರು ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಿಸಿಲು. ಪೆಟ್ರೋಲ್ ಉಳಿಸಲು ಎಸಿ ಆರಿಸಿದ್ದೆವು. ಮಗಳು ಹಸುಗೂಸು. ವೃದ್ಧಾಶ್ರಮದವರನ್ನು ಕರೆದುಕೊಂಡು ಹೋಗುತ್ತಿದ್ದ ಒಂದು ಬಸ್ಸಿಗೆ ಡಲ್ಲಾಸ್ ಹತ್ತಿರ ಬೆಂಕಿ ಹತ್ತಿ 23 ಜನ ಸತ್ತ ಸುದ್ದಿ ರೇಡಿಯೋದಲ್ಲಿ ಕೇಳಿದ್ದು ಆ ದಾರಿಯಲ್ಲೇ. ರೀಟಾ ಕಡೆಗೆ ಪೂರ್ವಕ್ಕೆ ಹೊರಳಿತು. ಟೆಕ್ಸಾಸ್‌ನಲ್ಲಿ ಆ ಸಲ ಗಾಳಿಗಿಂತ ನೀರಿಗಿಂತ ಊರು ಬಿಡುವ ಓಟಕ್ಕೇ ಹೆಚ್ಚು ಜನ ಬಲಿಯಾದರು.

ಹಾಗಾಗಿ 2017ರಲ್ಲಿ ಹಾರ್ವಿ ಬಂದಾಗ ಹ್ಯೂಸ್ಟನ್ ಖಾಲಿ ಮಾಡಿ ಅಂತ ಯಾರೂ ಹೇಳಲಿಲ್ಲ. ನಾನೂ "ಈ ಸಲ ಎಲ್ಲಿಗೂ ಹೋಗಲ್ಲ" ಅಂತ ಜಂಬದಿಂದ ಕೂತೆ. ಮಳೆ ನಾಲ್ಕು ದಿನ ಬಿಡಲಿಲ್ಲ. ಅಡಿಕ್ಸ್, ಬಾರ್ಕರ್ ಜಲಾಶಯಗಳ ಗೇಟ್ ತೆರೆದರು. ಮಳೆ ಸ್ವಲ್ಪ ಕಡಿಮೆಯಾಯಿತು ಅನ್ನುವ ಹೊತ್ತಿಗೆ ನೀರು ನಮ್ಮ ಬಾಗಿಲಿಗೆ ಬಂತು. ಗುರುತೇ ಇಲ್ಲದ ಇಬ್ಬರು ಮೀನು ಹಿಡಿಯುವ ದೋಣಿ ತಂದು ನಮ್ಮನ್ನು ಕರೆದುಕೊಂಡು ಹೋದರು. ಮಗಳಿಗೆ ಆಗ 12. ದೋಣಿಯಲ್ಲಿ ಅವಳು ನನ್ನ ಮುಖ ನೋಡಲಿಲ್ಲ.

ಹೋದಾಗ ಹೋಗಿದ್ದು ತಪ್ಪಾಯಿತು. ಉಳಿದಾಗ ಉಳಿದದ್ದು ತಪ್ಪಾಯಿತು. ಮನೆ ಆರು ತಿಂಗಳಲ್ಲಿ ಸರಿಯಾಯಿತು. ಈ ಒಂದು ಕೊರಗು ಮಾತ್ರ ವರ್ಷಗಟ್ಟಲೆ ಕೊರೆಯಿತು. ಕಡೆಗೆ ಕೌನ್ಸೆಲರ್ ಒಬ್ಬರು ಒಂದು ಕೆಲಸ ಕೊಟ್ಟರು. ನಿರ್ಧಾರ ಮಾಡಿದ ದಿನ ನಿಮಗೆ ಏನೇನು ಗೊತ್ತಿತ್ತು, ಅಷ್ಟನ್ನು ಮಾತ್ರ ಬರೆಯಿರಿ, ಆಮೇಲೆ ಗೊತ್ತಾದದ್ದನ್ನು ಇನ್ನೊಂದು ಹಾಳೆಯಲ್ಲಿ ಬರೆಯಿರಿ ಅಂದರು. ಮೊದಲನೇ ಹಾಳೆಯಲ್ಲಿ ನಾಲ್ಕೇ ಸಾಲು ಇತ್ತು. ಎರಡನೆಯದು ತುಂಬಿಹೋಯಿತು. ನಾನು ನನ್ನನ್ನು ಬೈದುಕೊಳ್ಳುತ್ತಿದ್ದದ್ದು ಪೂರ್ತಿ ಎರಡನೇ ಹಾಳೆ ಇಟ್ಟುಕೊಂಡು.

ಇನ್ನೊಂದು ಹೇಳುತ್ತೇನೆ, ನಗಬೇಡಿ. ನಮ್ಮ ಹ್ಯಾರಿಸ್ ಕೌಂಟಿಯಲ್ಲಿ ಹಳ್ಳಗಳ ನೀರಿನ ಮಟ್ಟ ತೋರಿಸುವ ವೆಬ್‌ಸೈಟ್ ಇದೆ. ಹಾರ್ವಿ ಆದಮೇಲೆ ಹನಿ ಬಿದ್ದರೂ ಅದನ್ನು ತೆರೆಯುತ್ತಿದ್ದೆ. ಒಂದು ರಾತ್ರಿಗೆ 40 ಸಲ. ಈಗ ಎರಡೇ ಸಲ, ಮಲಗುವಾಗ ಒಮ್ಮೆ, ಎದ್ದಾಗ ಒಮ್ಮೆ. ನಡುರಾತ್ರಿ ಏನಾದರೂ ಆದರೆ ಫೋನಿನ ಎಚ್ಚರಿಕೆ ಕೂಗುತ್ತದೆ, ಅದಕ್ಕೆ ಬೇಕಾದ ಸೆಟ್ಟಿಂಗ್ ಹಾಕಿಟ್ಟಿದ್ದೇನೆ. ಕಾವಲು ಕಾಯುವ ಕೆಲಸ ಫೋನಿಗೆ ವಹಿಸಿದ ಮೇಲೆ ನಿದ್ದೆ ಬಂತು.

ನೇರ ಮಾತು:

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದೆಲ್ಲ ಜಾಸ್ತಿ ಯೋಚಿಸುವುದರಿಂದ ಬರುವುದು ಅಂತ ನನಗನ್ನಿಸುತ್ತದೆ. ಫ್ಲೋರಿಡಾದಲ್ಲಿ ಮನೆ ಕೊಂಡರೆ ಹರಿಕೇನ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಇನ್ಶೂರೆನ್ಸ್ ಮಾಡಿಸಿ, ಮಗುವನ್ನು ಈಜು ಕ್ಲಾಸಿಗೆ ಹಾಕಿ, ಕೆಲಸಕ್ಕೆ ಹೋಗಿ. ಕೆದಕಿದಷ್ಟೂ ಗಾಯ ಮಾಯುವುದಿಲ್ಲ. ನಾವೂ ನೋಡಿದ್ದೇವೆ ಎರಡು ಮೂರು.

ಕೊಲ್ಲಿ ದಂಡೆಯವಳು:

ಕೆಲಸಕ್ಕೆ ಹೋಗುತ್ತಿದ್ದೇನೆ ಸಾರ್. ಮಿಲ್ಟನ್ ಆದ ಮುಂದಿನ ಸೋಮವಾರವೇ ಹೋಗಿದ್ದೆ. ಯೋಚನೆ ಮಾಡದೆ ಇದ್ದದ್ದರಿಂದಲೇ ಎಂಟು ತಿಂಗಳ ಮೇಲೆ ಸೌಟಿಗೆ ಕಿರುಚಿದ್ದು ಅಂತ ನನ್ನ ಅನುಮಾನ.

ಶಾಲೆ ಕೌನ್ಸೆಲರ್:

ಅಕ್ಕ, ನಾನು ಸೆಂಟ್ರಲ್ ಫ್ಲೋರಿಡಾದ ಒಂದು ಶಾಲೆಯಲ್ಲಿ ಕೌನ್ಸೆಲರ್. ನಿಮ್ಮನ್ನು ನೋಡದೆ ಇದು ಇಂಥದ್ದೇ ಅಂತ ಹೇಳಲು ಬರುವುದಿಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಮಗ. ಶೂ ಹಾಕಿಕೊಂಡು ಮಲಗುವುದು ಹಟವಲ್ಲ. ಅವನ ಲೆಕ್ಕದಲ್ಲಿ ಅದು ತಯಾರಿ. ಶೂ ಬಿಚ್ಚು ಅಂತ ಬಲವಂತ ಮಾಡಬೇಡಿ, ಹಾಸಿಗೆ ಪಕ್ಕ ಒಂದು ಜಾಗ ಮಾಡಿ ಅಲ್ಲಿ ಶೂ, ಟಾರ್ಚ್ ಇಡಿ. ಕತ್ತಲಲ್ಲಿ ಕೈಗೆ ಸಿಗುತ್ತದಾ ಅಂತ ಅವನೇ ಎರಡು ಸಲ ಪರೀಕ್ಷೆ ಮಾಡಲಿ. "ಇಲ್ಲಿಗೆ ನೀರು ಬರುತ್ತಾ?" ಅಂದಾಗ "ಬರೋದೇ ಇಲ್ಲ ಪುಟ್ಟಾ" ಅನ್ನಬೇಡಿ. ಅವನು ಗೋಡೆ ಮೇಲಿನ ಗೆರೆ ನೋಡಿದ್ದಾನೆ, ನಂಬುವುದಿಲ್ಲ. "ಬರೋ ಹಾಗಿದ್ರೆ ನಮಗೆ ಮೊದಲೇ ಹೇಳ್ತಾರೆ. ಹೇಳಿದ ತಕ್ಷಣ ನಾವು ಮೂರೂ ಜನ ಹೊರಡ್ತೀವಿ. ಹೋದ ಸಲ ಹಾಗೇ ಮಾಡಿದ್ವಿ, ನಮಗೇನೂ ಆಗಲಿಲ್ಲ." ಇದನ್ನು ಹತ್ತು ಸಲ ಕೇಳಿದರೂ ಅದೇ ದನಿಯಲ್ಲಿ ಹತ್ತು ಸಲ ಹೇಳಿ. ಆಟದ ಮನೆಗೆ ನೀರು ಹುಯ್ದು ಮುಳುಗಿಸುವ ಆಟ ಆಡಿದರೆ ತಡೆಯಬೇಡಿ. ಆದರೆ ಆಟದ ಕೊನೆಗೆ ಪ್ರತಿಸಲವೂ ಎಲ್ಲರೂ ಮುಳುಗಿಯೇ ಹೋಗುತ್ತಿದ್ದರೆ, ಹಾಸಿಗೆ ಒದ್ದೆ ಮಾಡುವುದು, ನಿಮ್ಮನ್ನು ಬಿಟ್ಟಿರಲಾರದೆ ಅಳುವುದು ವಾರಗಟ್ಟಲೆ ನಡೆದರೆ, ಮಕ್ಕಳ ಥೆರಪಿಸ್ಟ್‌ಗೆ ತೋರಿಸಿ. ಎಂಟು ತಿಂಗಳಾಗಿದೆ. ನಾನಾಗಿದ್ದರೆ ಈಗಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತಿದ್ದೆ.

ಈಗ ನೀವು. ಇಂಥ ಅನಾಹುತ ಆದಮೇಲೆ ಮನಸ್ಸು ಹೋಗುವ ದಾರಿಯನ್ನು ಓದಿಕೊಂಡವರು ಹಂತ ಹಂತವಾಗಿ ಬರೆದಿಟ್ಟಿದ್ದಾರೆ. ಮೊದಲ ದಿನಗಳಲ್ಲಿ ಎಲ್ಲಿಲ್ಲದ ಶಕ್ತಿ ಬರುತ್ತದೆ. ಆಮೇಲೆ ಅಕ್ಕಪಕ್ಕದವರೆಲ್ಲ ಒಂದಾಗುವ ಕಾಲ, ಅದಕ್ಕೆ ಹನಿಮೂನ್ ಅಂತಲೇ ಹೆಸರು. ಮೂರನೆಯದು ಭ್ರಮೆ ಕಳಚುವ ಕಾಲ. ನೆರವಿನವರು ಹೊರಟುಹೋಗಿರುತ್ತಾರೆ, ಟಿವಿಯವರು ಮರೆತಿರುತ್ತಾರೆ, ಇನ್ಶೂರೆನ್ಸ್‌ನವರು ಫೋನ್ ಎತ್ತುವುದಿಲ್ಲ. ಎಲ್ಲಕ್ಕಿಂತ ಉದ್ದದ್ದು, ಕಷ್ಟದ್ದು ಇದೇ. ನೀವು ಈಗ ಇಲ್ಲಿದ್ದೀರಿ. ತಡವಾಗಿ ಹುಚ್ಚು ಹಿಡಿಯುತ್ತಿದೆ ಅಂತ ಅಂದುಕೊಳ್ಳಬೇಡಿ.

ಕಾಲ ಕಳೆದರೆ ತಾನಾಗಿ ಸರಿಹೋಗುತ್ತದೆ ಅನ್ನುವುದು ಅರ್ಧ ನಿಜ. ಹೆಚ್ಚಿನವರಿಗೆ ಹೋಗುತ್ತದೆ. ಆದರೆ ಕತ್ರೀನಾ ಆದ ಮೇಲೆ ಅದೇ ಜನರನ್ನು ವರ್ಷದ ನಂತರ ಮತ್ತೆ ಮಾತನಾಡಿಸಿ ನೋಡಿದಾಗ ಅವರಲ್ಲಿ ಮಾನಸಿಕ ತೊಂದರೆ ಇಳಿದಿರಲಿಲ್ಲ, ಏರಿತ್ತು. ಮನೆ, ದುಡ್ಡು ಬಗೆಹರಿಯದೆ ಮನಸ್ಸು ಬಗೆಹರಿಯುವುದು ಕಷ್ಟ. ದುಃಸ್ವಪ್ನ, ಬೆಚ್ಚುವುದು, ರೇಗುವುದು, ಏನೂ ಅನ್ನಿಸದೆ ಮರಗಟ್ಟಿದ ಹಾಗಿರುವುದು ಒಂದು ತಿಂಗಳು ದಾಟಿದರೆ ಡಾಕ್ಟರ ಹತ್ತಿರ ಹೇಳಲೇಬೇಕು. ನೀವು ಯಾವಾಗಲೋ ದಾಟಿದ್ದೀರಿ.

1-800-985-5990. ಇದು ಅನಾಹುತದಲ್ಲಿ ಸಿಕ್ಕಿದವರಿಗಾಗಿಯೇ ಇರುವ ಡಿಸಾಸ್ಟರ್ ಡಿಸ್ಟ್ರೆಸ್ ಹೆಲ್ಪ್‌ಲೈನ್. ದುಡ್ಡಿಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಮೆಸೇಜನ್ನೂ ಕಳಿಸಬಹುದು. ಮನೆ ಹೋಗಿರಲೇಬೇಕು ಅಂತಿಲ್ಲ, ವರ್ಷ ಕಳೆದಿದ್ದರೂ ಪರವಾಗಿಲ್ಲ. ಬದುಕೇ ಬೇಡ ಅನ್ನಿಸಿದರೆ 988.

ನಿಮ್ಮ ಯಜಮಾನರ ಎಕ್ಸೆಲ್ ಶೀಟ್ ಬಗ್ಗೆ ಒಂದು ಮಾತು. ಅದು ಅವರ ಶೂ.

ವೀಸಾ ಸಾಲಿನಲ್ಲಿರುವವ:

ಕೊನೇ ಸಾಲು ಓದಿ ಎದ್ದು ಹೋಗಿ ನೀರು ಕುಡಿದು ಬಂದೆ.

ನನ್ನದು ಸ್ವಲ್ಪ ಬೇರೆ ಥರದ ನೋವು. ಎಚ್1ಬಿ ಕೆಲಸದ ವೀಸಾದಲ್ಲಿದ್ದೇನೆ, ಎಂಟು ವರ್ಷವಾಯಿತು. ಹೆಲೀನ್‌ನಲ್ಲಿ ನಮ್ಮ ನೆಲಮಹಡಿಯ ಅಪಾರ್ಟ್‌ಮೆಂಟಿಗೂ ನೀರು ನುಗ್ಗಿತು. ಅನಾಹುತದಲ್ಲಿ ನೆರವು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಫೀಮಾಗೆ ಅರ್ಜಿ ಹಾಕಲು ಕೂತಾಗ ಮೊದಲ ಪ್ರಶ್ನೆಗಳಲ್ಲೇ ಸಿಕ್ಕಿಹಾಕಿಕೊಂಡೆ. ನೀವು ಸಿಟಿಜನ್ನಾ, ಗ್ರೀನ್ ಕಾರ್ಡಾ? ಎರಡೂ ಅಲ್ಲ. ಎಚ್1ಬಿಯವರಿಗೆ ಅವರ ಹಣದ ನೆರವು ಸಿಗುವುದಿಲ್ಲ. ಪ್ರತಿ ತಿಂಗಳೂ ಟ್ಯಾಕ್ಸ್ ಕಟ್ಟುತ್ತೇನೆ, ಪಕ್ಕದ ಮನೆಯವನ ಸೋಫಾ ನಾನೇ ಹಿಡಿದು ಹೊರಗೆ ಹಾಕಿದ್ದೇನೆ. ಫಾರ್ಮ್ ಮುಂದೆ ಕೂತಾಗ ಮಾತ್ರ, ನೀನು ಇಲ್ಲಿಯವನಲ್ಲ ಅಂತ ಯಾರೋ ಬಾಗಿಲು ಹಾಕಿದ ಹಾಗಾಯಿತು. ನೀರಿಗಿಂತ ಅದೇ ಜಾಸ್ತಿ ನೋಯಿಸಿತು.

ನನ್ನ ಹಾಗೆ ಇರುವವರಿಗೆ ಎರಡು ವಿಷಯ, ನನಗೆ ತಡವಾಗಿ ಗೊತ್ತಾದದ್ದು. ಮನೆಯಲ್ಲಿ ಇಲ್ಲೇ ಹುಟ್ಟಿದ ಮಗು ಇದ್ದರೆ, ಆ ಮಗುವಿನ ಹೆಸರಲ್ಲಿ ಅಪ್ಪ ಅಮ್ಮ ಅರ್ಜಿ ಹಾಕಬಹುದು. ನಾವು ಹಾಗೇ ಮಾಡಿದೆವು. ಎರಡು ವರ್ಷದ ಮಗಳ ಹೆಸರಲ್ಲಿ! ಶೆಲ್ಟರ್, ಊಟ, ಕೌನ್ಸೆಲಿಂಗ್ ಇಂಥವಕ್ಕಂತೂ ಯಾವ ವೀಸಾ ಅಂತ ಕೇಳುವುದಿಲ್ಲ. ಬಾಡಿಗೆಯವರ ಇನ್ಶೂರೆನ್ಸ್ ಪ್ರವಾಹಕ್ಕೆ ಬರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಸರ್ಕಾರಿ ಪ್ರವಾಹ ವಿಮೆಯಾದರೆ ಮಾಡಿಸಿದ 30 ದಿನಕ್ಕೆ ಜಾರಿಗೆ ಬರುತ್ತದೆ, ಅಂದರೆ ಚಂಡಮಾರುತ ಟಿವಿಯಲ್ಲಿ ಕಂಡ ಮೇಲೆ ಓಡಿದರೆ ಪ್ರಯೋಜನವಿಲ್ಲ. ಕಾರಿಗೆ ಪ್ರವಾಹಕ್ಕೂ ಬರುವ ಕಾಂಪ್ರಹೆನ್ಸಿವ್ ವಿಮೆ ಇದ್ದದ್ದರಿಂದ ಅದೊಂದು ಬಚಾವ್.

ಊರಲ್ಲಿ ಅಪ್ಪ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಕಾರ್ಪೆಟ್ ಸ್ವಲ್ಪ ಒದ್ದೆಯಾಯಿತು ಅಂದಿದ್ದೇನೆ. ವಿಡಿಯೋ ಕಾಲ್ ಬಂದರೆ ಒಂದೇ ಗೋಡೆ ಮುಂದೆ ಕೂರುತ್ತೇನೆ.

ಬೆಟ್ಟದ ಮೇಲಿನವಳು:

ನಾವು ಆ್ಯಶ್‌ವಿಲ್‌ನವರು. ನಾರ್ತ್ ಕ್ಯಾರೊಲೈನಾದ ಬೆಟ್ಟದೂರು, ಸಮುದ್ರಮಟ್ಟದಿಂದ 2,000 ಅಡಿ ಮೇಲೆ. ಹರಿಕೇನ್ ಕಾಟ ಬೇಡ ಅಂತಲೇ ಜನ ಇಲ್ಲಿಗೆ ಬಂದು ನೆಲೆಸುತ್ತಿದ್ದರು. ಹಾಗಾಗಿ ಎಲ್ಲಿಗೂ ಹೋಗುವ ಯೋಚನೆಯೇ ಬರಲಿಲ್ಲ. ಸೆಪ್ಟೆಂಬರ್ 27ರ ಬೆಳಿಗ್ಗೆ ಅದೇ ಹೆಲೀನ್ ನಮ್ಮ ನದಿಗಳನ್ನು ಊರೊಳಗೆ ತಂದಿತು. ಕರೆಂಟ್ ಇಲ್ಲ, ನಲ್ಲಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ನಾಲ್ಕು ದಿನ ನಾವು ಬದುಕಿದ್ದೇವೆ ಅಂತ ಮನೆಯವರಿಗೆ ತಿಳಿಸಲು ಆಗಲಿಲ್ಲ. ಅಮ್ಮ ಆ ನಾಲ್ಕು ದಿನ ಹೇಗೆ ಕಳೆದಳು ಅಂತ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ನಲ್ಲಿಯಲ್ಲಿ ಕುಡಿಯುವ ನೀರು ಬಂದದ್ದು 53 ದಿನಗಳ ಮೇಲೆ, ನವೆಂಬರ್ 18ಕ್ಕೆ.

ಈಗ ಹೇಳಲು ನಾಚಿಕೆಯಾಗುವ ವಿಷಯ. ಆ ದಿನಗಳು ನನಗೆ ಇಷ್ಟವಾಗಿದ್ದವು. ಫ್ರೀಜರ್ ಕರಗುತ್ತಿತ್ತಲ್ಲ, ಬೀದಿಯವರೆಲ್ಲ ಇದ್ದಬದ್ದದ್ದು ತಂದು ಒಂದೇ ಒಲೆಯಲ್ಲಿ ಬೇಯಿಸಿದೆವು. ಆರು ವರ್ಷ ಹಾಯ್ ಅಂತ ಮಾತ್ರ ಅಂದಿದ್ದ ಎದುರುಮನೆಯ ಅಜ್ಜ ನಮಗೆ ಫ್ಲಶ್ ಮಾಡಲು ಹಳ್ಳದಿಂದ ಬಕೆಟ್‌ನಲ್ಲಿ ನೀರು ತಂದುಕೊಟ್ಟ. ಕರೆಂಟ್ ಬಂದ ದಿನ ಎಲ್ಲರೂ ಚಪ್ಪಾಳೆ ತಟ್ಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಅಳು ಬಂದದ್ದು ಆವತ್ತೇ. ಕೌನ್ಸೆಲರ್ ಹೇಳಿದ ಆ ಹನಿಮೂನ್ ಇದೇ ಇರಬೇಕು. ಹೆಸರು ಗೊತ್ತಾಗಿದ್ದು ಒಳ್ಳೇದಾಯಿತು, ನನ್ನ ತಲೆಯೇ ಸರಿಯಿಲ್ಲ ಅಂದುಕೊಂಡಿದ್ದೆ.

ಮಂಚದ ಕೆಳಗೆ ಈಗಲೂ 11 ಕ್ಯಾನ್ ನೀರು ಇದೆ. ಇವರು ಗೊಣಗುತ್ತಾರೆ. ಗೊಣಗಲಿ.

ಎರಡನೇ ಮಹಡಿ:

ನಾನು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಯಾಕೆಂದರೆ ನಮಗೆ ಏನೂ ಆಗಿಲ್ಲ. ಟ್ಯಾಂಪಾದ ಉತ್ತರಕ್ಕೆ, ಯಾವ ಜೋನ್‌ನಲ್ಲೂ ಬರದ ಎತ್ತರದ ಜಾಗ. ಮಿಲ್ಟನ್‌ನಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ, ಅಷ್ಟೇ. ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕಿನವಳ ಮನೆ ಪೂರ್ತಿ ಹೋಯಿತು. ಅವಳು ಬಂದು ಕೂತರೆ ನನಗೆ ಕುತ್ತಿಗೆ ಬಿಗಿಯುತ್ತದೆ. ವೀಕೆಂಡ್ ಏನು ಮಾಡಿದೆ ಅಂತ ಕೇಳಿದರೆ ಸುಮ್ನೆ ಸುಳ್ಳು ಹೇಳುತ್ತೇನೆ. ಹೊಸ ಪರದೆ ಹಾಕಿದೆ ಅಂತ ಹೇಗೆ ಹೇಳುವುದು?

ಗೋಡೆಗಳನ್ನೆಲ್ಲ ಕಿತ್ತ ಮೇಲೆ ಒಂದು ಸಲ ಅವಳ ಮನೆಗೆ ಹೋಗಿದ್ದೆ. ಬರೀ ಮರದ ಚೌಕಟ್ಟು ನಿಂತಿತ್ತು, ಈ ರೂಮಿನಿಂದ ಆ ರೂಮು ಕಾಣುತ್ತಿತ್ತು. "ಏನಾದ್ರೂ ಬೇಕಿದ್ರೆ ಹೇಳು" ಅಂತ ಅಂದು ಹತ್ತೇ ನಿಮಿಷದಲ್ಲಿ ಓಡಿಬಂದೆ. ಅವಳು ಏನೂ ಹೇಳಲಿಲ್ಲ. ನಾನೂ ಮತ್ತೆ ಹೋಗಲಿಲ್ಲ.

ಕೊಲ್ಲಿ ದಂಡೆಯವಳು:

ಏನೂ ಆಗಿಲ್ಲ ಅನ್ನಬೇಡಿ. ಮಿಲ್ಟನ್ ರಾತ್ರಿ ನೀವೂ ನಿದ್ದೆ ಮಾಡಿರಲಿಕ್ಕಿಲ್ಲ.

"ಬೇಕಿದ್ರೆ ಹೇಳಿ" ಅಂತ ನಮಗೆ ಒಂದು 50 ಜನ ಹೇಳಿದ್ದಾರೆ. ಒಳ್ಳೇ ಮನಸ್ಸಿನಿಂದಲೇ. ಆದರೆ ಆ ಹೊತ್ತಿನಲ್ಲಿ ನಮಗೆ ಏನು ಬೇಕು ಅಂತ ನಮಗೇ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಬಾಯಿ ಬರುವುದಿಲ್ಲ, ಬೇಡಿ ಅಭ್ಯಾಸ ಇಲ್ಲ ಅಲ್ವಾ. ಒಬ್ಬಾಕೆ ಮಾತ್ರ ಏನೂ ಕೇಳದೆ ಒದ್ದೆ ಬಟ್ಟೆಯ ಮೂರು ಚೀಲ ಕಾರಿಗೆ ಹಾಕಿಕೊಂಡು ಹೋಗಿ, ಎರಡು ದಿನದ ಮೇಲೆ ಒಗೆದು ಮಡಿಸಿ ತಂದಿಟ್ಟಳು. ಅವಳ ಹೆಸರು ಹೇಳಿದರೆ ಈಗಲೂ ನನಗೆ ಕಣ್ಣು ತುಂಬುತ್ತದೆ. ಬರೆಯುವಾಗ ತುಂಬಿತು ನೋಡಿ. ಎಂಟು ತಿಂಗಳಲ್ಲಿ ಮೊದಲ ಸಲ.

ನಿಮ್ಮ ಗೆಳತಿಯನ್ನು ಶನಿವಾರ ಒಂದು ಗಂಟೆ ಹೊರಗೆ ಕರೆದುಕೊಂಡು ಹೋಗಿ. ಮನೆ ವಿಷಯ ಬೇಡ. ಹೊಸ ಪರದೆಯ ಬಗ್ಗೆ ಹೇಳಿ, ಪರವಾಗಿಲ್ಲ. ನಮಗೂ ಪರದೆಯಂಥ ವಿಷಯ ಮಾತಾಡಿ ಎಷ್ಟು ದಿನವಾಯಿತೋ.

ಫೋರ್ಟ್ ಮೈಯರ್ಸ್ ಅಜ್ಜಿ:

ಮಗಳೇ, ನನ್ನ ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ.

2022ರಲ್ಲಿ ಇಯನ್ ಬಂದಾಗ ನಾನು ಮಗನ ಮನೆಯಲ್ಲಿದ್ದೆ. ಮೊದಲು ಅದು ಟ್ಯಾಂಪಾಗೆ ಅಂದರು, ಆಮೇಲೆ ನಮ್ಮ ಕಡೆ ತಿರುಗಿತು. ಹೊರಡಿ ಅಂತ ನಮ್ಮ ಕೌಂಟಿಯವರು ಹೇಳಿದ್ದು ಹಿಂದಿನ ದಿನ ಬೆಳಿಗ್ಗೆ. ಸೆಪ್ಟೆಂಬರ್ 28ಕ್ಕೆ ಸಮುದ್ರವೇ ಊರಿಗೆ ಬಂತು. ನಾವು ಶೆಲ್ಟರ್‌ನಲ್ಲಿ ನೆಲದ ಮೇಲೆ ಮಲಗಿದ್ದೆವು. ನನ್ನನ್ನು ಎತ್ತಿ ಕೂರಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಬಿಪಿ ಮಾತ್ರೆ ಹುಡುಕುವುದು ಎಲ್ಲ ಸೊಸೆಯ ತಲೆಗೆ. ಭಾರ ಆದೆ ಅನ್ನುವ ನೋವು ಮುದುಕರಿಗೆ ಇರುತ್ತದೆ, ಯಾರೂ ಕೇಳುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೂ ಒಂದು ಸಣ್ಣ ಕೆಲಸ ಕೊಡಿ. ನನಗೆ ಮೊಮ್ಮಗಳ ಜಡೆ ಹಾಕುವ ಕೆಲಸ ಕೊಟ್ಟಿದ್ದರು. ದಿನಕ್ಕೆ ನಾಲ್ಕು ಸಲ ಹಾಕಿದೆ.

ಹೋದದ್ದರಲ್ಲಿ ನನಗೆ ತಡೆಯಲಾಗದ್ದು ಒಂದೇ. ನಮ್ಮವರು ಬರೆದ ಕಾಗದಗಳು. ಅವರು ಹೋಗಿ ಹತ್ತು ವರ್ಷವಾಗಿತ್ತು. ಡಬ್ಬದಲ್ಲಿಟ್ಟಿದ್ದೆ, ಮುದ್ದೆಯಾಗಿತ್ತು. ಶಾಯಿ ಎಲ್ಲ ನೀಲಿ ನೀರಾಗಿತ್ತು. "ಅಮ್ಮ, ವಸ್ತು ತಾನೇ" ಅಂದ ಮಗ. ಅವನ ಮೇಲೆ ಮೊದಲ ಸಲ ಕೈ ಎತ್ತಬೇಕು ಅನ್ನಿಸಿತು.

ನೀನು ಸೌಟಿಗೆ ಕಿರುಚಿದೆ ಅಂತ ನಾಚಿಕೆ ಪಡಬೇಡ. ಕೈ ಅಳತೆಗೆ ಹೊಂದಿಕೊಂಡ ಸೌಟು ಇನ್ನೊಂದು ಸಿಗುವುದಿಲ್ಲ.

(ಮೊಮ್ಮಗಳು: ಅಜ್ಜಿಯ ಆಲ್ಬಮ್ ಮಾತ್ರ ಉಳಿಯಿತು. ಒದ್ದೆಯಾದ ಫೋಟೋಗಳನ್ನು ತಕ್ಷಣ ಬಿಡಿಸಲು ಹೋಗಬೇಡಿ. ಶುದ್ಧ ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ, ನಡುವೆ ವ್ಯಾಕ್ಸ್ ಪೇಪರ್ ಇಟ್ಟು, ಜಿಪ್ ಚೀಲದಲ್ಲಿ ಹಾಕಿ ಫ್ರೀಜರ್‌ಗೆ ಹಾಕಿ. ಎರಡು ದಿನದೊಳಗೆ ಒಣಗಿಸಲು ಆಗದಿದ್ದರೆ ಇದೇ ದಾರಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಸಾವಕಾಶವಾಗಿ ಆಮೇಲೆ ಕರಗಿಸಿ ಒಣಗಿಸಬಹುದು. ನಾವು ಮೂರು ತಿಂಗಳ ಮೇಲೆ ತೆಗೆದೆವು. ಅವಸರದಲ್ಲಿ ಎಸೆಯಬೇಡಿ ಅಂತ ಹೇಳಲು ಇದನ್ನು ಬರೆದೆ.)

ನೇರ ಮಾತು:

ಮೇಲೆ ನಾನು ಬರೆದದ್ದು ಒರಟಾಯಿತು. ಈಜು ಕ್ಲಾಸಿನ ಮಾತು ವಾಪಸ್. ಉಳಿದದ್ದರ ಬಗ್ಗೆ ಯೋಚಿಸುತ್ತಿದ್ದೇನೆ. 2004ರಲ್ಲಿ ಒಂದೇ ಸೀಸನ್‌ನಲ್ಲಿ ಚಾರ್ಲಿ, ಫ್ರಾನ್ಸಿಸ್, ಜೀನ್ ಮೂರೂ ನೋಡಿದವನು ನಾನು. ಆಗಿನಿಂದ ಆಗಸ್ಟ್ ಬಂದರೆ ರಜ ಹಾಕಿ ಎಲ್ಲಿಗೂ ಹೋಗುವುದಿಲ್ಲ, ಮನೆ ಬಿಟ್ಟು ಕದಲುವುದಿಲ್ಲ. ಅದು ನನ್ನ ಸ್ವಭಾವ ಅಂತಲೇ ಹೆಂಡತಿಗೂ ಹೇಳಿಕೊಂಡು ಬಂದಿದ್ದೇನೆ.

ಹ್ಯೂಸ್ಟನ್ ಹಳಬ:

ಸಾರ್, ಆ ಎರಡು ಹಾಳೆಯ ಕೆಲಸ ನೀವೂ ಒಂದು ಸಲ ಮಾಡಿ ನೋಡಿ.

ಕೊಲ್ಲಿ ದಂಡೆಯವಳು:

ಇವತ್ತು ಜೂನ್ 3. ಸೀಸನ್ ಶುರುವಾಗಿ ಮೂರು ದಿನ. ಸ್ವಲ್ಪ ಹೇಳಬೇಕು ಅನ್ನಿಸಿತು.

ಆ ನಂಬರಿಗೆ ಫೋನ್ ಮಾಡಿದೆ. ಕಾರಿನಲ್ಲಿ ಕೂತು, ಅಂಗಡಿಯ ಪಾರ್ಕಿಂಗಿನಲ್ಲಿ. ಆ ಕಡೆಯವರು ಜಾಸ್ತಿ ಏನೂ ಹೇಳಲಿಲ್ಲ. ಹೋಟೆಲ್‌ನಿಂದ ಹಿಡಿದು ಸೌಟಿನವರೆಗೆ ಪೂರ್ತಿ ಕೇಳಿಸಿಕೊಂಡರು. "ಜೀವ ಉಳೀತಲ್ಲ" ಅಂತ ಅನ್ನಲಿಲ್ಲ. 40 ನಿಮಿಷ ಆಗಿತ್ತು, ನನಗೆ ಹತ್ತು ಅನ್ನಿಸಿತ್ತು. ಹತ್ತಿರದಲ್ಲಿ ಎಲ್ಲಿ ಥೆರಪಿಸ್ಟ್ ಸಿಗಬಹುದು ಅಂತ ಹೇಳಿದರು. ಮಗನಿಗೆ ಮುಂದಿನ ವಾರ ಅಪಾಯಿಂಟ್‌ಮೆಂಟ್. ನನಗೆ ಅದರ ಮುಂದಿನ ವಾರ. ಗುಣವಾಯಿತು ಅಂತ ಹೇಳುತ್ತಿಲ್ಲ. ನಿನ್ನೆ ರಾತ್ರಿ ಗುಡುಗಿದಾಗ ನಾನೂ ಎದ್ದು ಕೂತಿದ್ದೆ.

ಎಕ್ಸೆಲ್ ಶೀಟ್ ಪಕ್ಕ ನಾನೂ ಒಂದು ಕುರ್ಚಿ ಹಾಕಿಕೊಂಡು ಕೂತೆ. ಅದು ಅವರ ಶೂ ಅಂತ ನೀವು ಬರೆದಿದ್ದಿರಲ್ಲ, ಅದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಕಂಪ್ಯೂಟರ್ ಪರದೆ ನೋಡುತ್ತಾ ಕೂತಿದ್ದವರು, ಶೀಟಿನ ಕೊನೇ ಪುಟ ತೆರೆದು ತೋರಿಸಿದರು. ಕ್ಲೇಮಿಗೆ ಸಂಬಂಧವೇ ಇಲ್ಲದ ಪಟ್ಟಿ. ಮಗನ ಮೊದಲ ಕೂದಲು, ಮದುವೆ ದಿನದ ಶಲ್ಯ, ನಾನು ಗೀಚಿದ್ದ ಒಂದು ದಿನಸಿ ಚೀಟಿ. ಬೆಲೆಯ ಕಾಲಂ ಪೂರ್ತಿ ಖಾಲಿ. ಸೌಟೂ ಇತ್ತು ಅದರಲ್ಲಿ.

ಮಗ ತನ್ನ ಬ್ಯಾಗ್ ತಾನೇ ತುಂಬಿದ್ದಾನೆ. ಟಾರ್ಚ್, ಗೊಂಬೆ, ಬಿಸ್ಕತ್, ಒಂದು ಅಳತೆ ಪಟ್ಟಿ. ಪಟ್ಟಿ ಯಾಕೋ ಅಂದರೆ, "ನೀರು ಅಳೆಯೋಕೆ" ಅಂದ. ಶೂ ಈಗ ಮಂಚದ ಪಕ್ಕ ಇರುತ್ತದೆ. ಕಾಲಲ್ಲಿ ಅಲ್ಲ, ಮೂರು ರಾತ್ರಿ ಬಿಟ್ಟು.

ಒಂದೇ ಚಿಂತೆ ಉಳಿದಿದೆ. ಈ ಬಾಡಿಗೆ ಮನೆಯೂ ಎ ಜೋನೇ. ಮತ್ತೆ ಹೊರಡಿ ಅಂದರೆ ಜಾರ್ಜಿಯಾವರೆಗೆ ಓಡುವ ಶಕ್ತಿ ನಮಗಿಲ್ಲ.

ಎರಡನೇ ಮಹಡಿ:

ಜಾರ್ಜಿಯಾ ಯಾಕೆ? ನೀರಿನಿಂದ ತಪ್ಪಿಸಿಕೊಳ್ಳಲು ನೂರಾರು ಮೈಲಿ ಬೇಕಿಲ್ಲ, ಎತ್ತರ ಇದ್ದರೆ ಸಾಕು ಅಂತ ಇಲ್ಲಿಯ ಕೌಂಟಿಯವರೇ ಪ್ರತಿವರ್ಷ ಹೇಳುತ್ತಾರೆ. ನಮ್ಮದು ಕಾಂಕ್ರೀಟ್ ಕಟ್ಟಡ, ಕಿಟಕಿಗೆ ಶಟರ್ ಇದೆ. ಒಂದು ರೂಮ್ ಖಾಲಿ ಇದೆ. ಬೇಕಿದ್ದರೆ ಹೇಳಿ ಅಂತ ಹೇಳುವುದಿಲ್ಲ. ಎ ಜೋನ್ ಅಂತ ಕೂಗಿದ ದಿನ ಮಧ್ಯಾಹ್ನದೊಳಗೆ ಬನ್ನಿ, ಕೊಲ್ಲಿಯ ಸೇತುವೆ ಮುಚ್ಚುವ ಮೊದಲು. ಬೀಗದ ಕೈ ಎಲ್ಲಿಡುತ್ತೇನೆ ಅಂತ ಬೇರೆಯಾಗಿ ತಿಳಿಸುತ್ತೇನೆ.

ನನ್ನ ಗೆಳತಿಯೂ ಬರುತ್ತಾಳೆ, ಅವಳನ್ನೂ ಕರೆದಿದ್ದೇನೆ. ಶನಿವಾರ ಹೊರಗೆ ಹೋಗಿದ್ದೆವು. ಪರದೆಯ ಬಣ್ಣ ಅವಳಿಗೆ ಇಷ್ಟವಾಗಲಿಲ್ಲ.

ಕೊಲ್ಲಿ ದಂಡೆಯವಳು:

ಬರುತ್ತೇವೆ.

ಪಕ್ಕದಲ್ಲಿ ಮಗ ಇಣುಕುತ್ತಿದ್ದಾನೆ. ನಿಮ್ಮನೆಗೆ ಎಷ್ಟು ಮೆಟ್ಟಿಲು ಅಂತ ಕೇಳುತ್ತಿದ್ದಾನೆ.

ಎರಡನೇ ಮಹಡಿ:

ಈಗಷ್ಟೇ ಹೋಗಿ ಎಣಿಸಿ ಬಂದೆ. 34. ಬಂದಾಗ ಅವನೇ ಒಮ್ಮೆ ಎಣಿಸಿ ನೋಡಲಿ.